ಕ್ಯಾಂಪ್‌ಬೆಲ್‌ಟೌನ್‌ನ ಎಳೆಯ ಹೊಗೆ

ಸೋಮವಾರ

ಗ್ಲಾಸ್ಗೋದಿಂದ ಕ್ಯಾಂಪ್‌ಬೆಲ್‌ಟೌನ್‌ಗೆ ನೇರ ಗೆರೆ ಎಳೆದರೆ ಸುಮಾರು 100 ಕಿಲೋಮೀಟರ್. ರಸ್ತೆಯಲ್ಲಿ ಹೋದರೆ ಅದು 220 ಆಗುತ್ತದೆ. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯಲ್ಲಿ ಕಡಲು ನೆಲದೊಳಕ್ಕೆ ಉದ್ದುದ್ದವಾಗಿ ನುಗ್ಗಿದೆ. ಅದನ್ನೆಲ್ಲ ಬಳಸಿ, ಗುಡ್ಡ ಹತ್ತಿ ಇಳಿದು, ಕಿಂಟೈರ್ ಎಂಬ ಕಿರಿದಾದ ಪರ್ಯಾಯ ದ್ವೀಪದ ತುದಿಯವರೆಗೆ ಹೋಗಬೇಕು. ಬುಕ್ಯಾನನ್ ನಿಲ್ದಾಣದಿಂದ ಹೊರಡುವ 926 ಸಂಖ್ಯೆಯ ಬಸ್ಸಿಗೆ ನಾಲ್ಕು ಗಂಟೆ ದಾಟುತ್ತದೆ.

ಭಾವ ಗ್ಲಾಸ್ಗೋದಲ್ಲಿ ನೆಲೆಸಿ ಬಹಳ ವರ್ಷಗಳಾದವು. ಅವರ ಬಳಿ ಒಳ್ಳೆಯ ಕಾರಿದೆ. ಆದರೂ ಬಸ್ಸೇ ಸರಿ ಎಂದು ಅವರೇ ತೀರ್ಮಾನಿಸಿದ್ದರು. ಸ್ಕಾಟ್ಲೆಂಡಿನಲ್ಲಿ 2014ರ ಡಿಸೆಂಬರ್‌ನಿಂದ ಚಾಲಕರ ರಕ್ತದಲ್ಲಿ ಮದ್ಯದ ಮಿತಿ 100 ಮಿಲಿಲೀಟರಿಗೆ 50 ಮಿಲಿಗ್ರಾಂ. ಇಂಗ್ಲೆಂಡಿನ 80ಕ್ಕಿಂತ ಬಿಗಿ. “ಅಷ್ಟು ದೂರ ಹೋಗಿ ನಾನು ವಿಸ್ಕಿಯನ್ನು ಬರೀ ಮೂಸಿ ನೋಡಿಕೊಂಡು ಬರಲೇನು? ಬಸ್ಸಿನಲ್ಲಿ ಹೋಗೋಣ, ಇಬ್ಬರೂ ನೆಮ್ಮದಿಯಾಗಿ ರುಚಿ ನೋಡೋಣ” ಎಂದರು.

ಈ ಪ್ರವಾಸಕ್ಕೆ ಕಾರಣವಾದದ್ದು ಅವರ ಮನೆಯ ಕಪಾಟಿನಲ್ಲಿದ್ದ ಒಂದು ಬಾಟಲಿ: ಕಿಲ್ಕೆರನ್ ಹೆವಿಲಿ ಪೀಟೆಡ್. ಗ್ಲೆನ್‌ಗೈಲ್ ಎಂಬ ಡಿಸ್ಟಿಲರಿಯ, ಅಂದರೆ ವಿಸ್ಕಿ ಭಟ್ಟಿಯ, ಸಿಂಗಲ್ ಮಾಲ್ಟ್: ಒಂದೇ ಕಡೆ, ಮೊಳಕೆ ಬರಿಸಿದ ಬಾರ್ಲಿಯಿಂದ ಮಾಡಿದ ವಿಸ್ಕಿ. ಪೀಟೆಡ್ ಎಂದರೆ ಪೀಟ್ ಎಂಬ ಜೌಗು ಮಣ್ಣಿನ ಹೊಗೆ ಹಿಡಿಸಿದ್ದು. ಬಾಟಲಿಯ ಮೇಲೆ ವಯಸ್ಸು, ಅಂದರೆ ಪೀಪಾಯಿಯಲ್ಲಿ ಕಳೆದ ವರ್ಷಗಳು, ಬರೆದಿಲ್ಲ. ಎಳೆಯದು ಎಂಬುದು ಮೊದಲ ಗುಟುಕಿಗೇ ಗೊತ್ತಾಗುತ್ತದೆ. ಹನ್ನೆರಡು, ಹದಿನೆಂಟು, ಇಪ್ಪತ್ತೈದು ಎಂದು ವರ್ಷಗಳ ಲೆಕ್ಕದಲ್ಲಿಯೇ ಸ್ಕಾಚ್‌ಗೆ ಮರ್ಯಾದೆ ಕೊಡುವುದನ್ನು ನೋಡುತ್ತ ಬಂದವನು ನಾನು. ಈ ಎಳೆಯದು ನನಗೆ ಹಳೆಯ ಹಲವಕ್ಕಿಂತ ಹೆಚ್ಚು ಹಿಡಿಸಿತು. ಏಕೆ ಎಂದು ತಿಳಿಯಬೇಕೆನಿಸಿತು. ತಿಳಿಯಲು ಆ ಊರಿಗೇ ಹೋಗಬೇಕಿತ್ತು.

ಲಾಕ್ ಲೋಮಂಡ್ ಸರೋವರದ ದಡ ಮುಗಿದು ಆರೋಕರ್ ದಾಟಿದ ಮೇಲೆ ಬಸ್ಸು ಏರು ಹಿಡಿಯಿತು. ಈ ಕಣಿವೆಯ ಮಣ್ಣು ಆಗಾಗ ಕುಸಿಯುತ್ತದೆ. ರಸ್ತೆ ಮುಚ್ಚಿದಾಗ ವಾಹನಗಳನ್ನು ಕೆಳಗಿರುವ, ಹಿಂದೆ ಸೈನಿಕರು ಬಳಸುತ್ತಿದ್ದ ಹಳೆಯ ದಾರಿಗೆ ಇಳಿಸುತ್ತಾರೆ. ನಮ್ಮ ಪುಣ್ಯಕ್ಕೆ ಅಂದು ದಾರಿ ತೆರೆದಿತ್ತು. ಇನ್ವೆರಾರಿಯ ಬಿಳಿ ಮನೆಗಳು, ಲಾಕ್ ಫೈನ್, ಟಾರ್ಬರ್ಟ್. ಅಲ್ಲಿಂದ ಮುಂದೆ ಕೆನಕ್ರೇಗ್. ಐಲಾ ದ್ವೀಪಕ್ಕೆ ಹೋಗುವ ಹಡಗು ಹೊರಡುವುದು ಇಲ್ಲಿಂದ. ಬಸ್ಸಿನಲ್ಲಿದ್ದ ಯುವಕರ ಗುಂಪೊಂದು ಬೆನ್ನುಚೀಲ ಹೊತ್ತು ಅಲ್ಲಿಯೇ ಇಳಿಯಿತು. ಹೊಗೆಯ ವಿಸ್ಕಿ ಎಂದರೆ ಜಗತ್ತಿಗೆಲ್ಲ ಐಲಾ. ಅದರ ಕೀರ್ತಿಗೆ ನನ್ನ ತಕರಾರಿಲ್ಲ. ಆದರೆ ಒಂದೂವರೆ ಗಂಟೆಯೊಳಗೆ ಬಸ್ಸಿನಲ್ಲಿಯೇ ತಲುಪಬಹುದಾದ ಊರನ್ನು ಬಿಟ್ಟು ಎಲ್ಲರೂ ಹಡಗು ಹತ್ತುವುದನ್ನು ನೋಡಿದಾಗ ಅವರನ್ನು ಕೈಹಿಡಿದು ನಿಲ್ಲಿಸಬೇಕೆನಿಸಿತು.

ಕೆನಕ್ರೇಗ್ ಆದ ಮೇಲೆ ರಸ್ತೆ ಅಟ್ಲಾಂಟಿಕ್‌ನ ಪಕ್ಕದಲ್ಲಿಯೇ ಸಾಗುತ್ತದೆ. ಬಲಗಡೆ ಗೀಗಾ ದ್ವೀಪ, ಅದರಾಚೆ ಜುರಾ ಬೆಟ್ಟಗಳು. ಏಪ್ರಿಲ್ ತಿಂಗಳು, ಹೊಲದ ತುಂಬ ಕುರಿಮರಿಗಳು, ಬೇಲಿಯಂಚಿನಲ್ಲಿ ಹಳದಿ ಡ್ಯಾಫೊಡಿಲ್. ಸಂಜೆಯಾಗುವಾಗ ಕ್ಯಾಂಪ್‌ಬೆಲ್‌ಟೌನ್‌ನ ಬಂದರಿನ ಬಳಿ ಇಳಿದೆವು. ಮೀನು, ಆಲೂಗಡ್ಡೆ ತಿಂದು ಮಲಗಿದೆವು.

ಮಂಗಳವಾರ

ಇಡೀ ಪ್ರವಾಸ ಇದ್ದದ್ದೇ ಈ ದಿನಕ್ಕಾಗಿ.

ಸುಮಾರು 4,500 ಜನರ ಊರು ಇದು. ಮುಖ್ಯಬೀದಿಯಲ್ಲಿ ನಡೆಯುತ್ತ ಹೋದರೆ ಈ ಜನಸಂಖ್ಯೆಗೆ ಹೊಂದದ ದೊಡ್ಡ ದೊಡ್ಡ ಕಲ್ಲಿನ ಮನೆಗಳು, ಎತ್ತರದ ಚರ್ಚುಗಳು, 1913ರಲ್ಲಿ ಕಟ್ಟಿದ ಸೊಗಸಾದ ಚಿತ್ರಮಂದಿರ ಕಾಣಿಸುತ್ತವೆ. ಎಲ್ಲ ವಿಸ್ಕಿಯ ಹಣ. 1880ರ ದಶಕದಲ್ಲಿ ಆಲ್ಫ್ರೆಡ್ ಬರ್ನಾರ್ಡ್ ಎಂಬ ಬರಹಗಾರ ದೇಶದ ಡಿಸ್ಟಿಲರಿಗಳನ್ನೆಲ್ಲ ನೋಡುತ್ತ ಇಲ್ಲಿಗೆ ಬಂದಾಗ ಈ ಒಂದೇ ಊರಿನಲ್ಲಿ 21 ಡಿಸ್ಟಿಲರಿಗಳು ನಡೆಯುತ್ತಿದ್ದವು. ಸುತ್ತಲಿನ ಹೊಲಗಳಲ್ಲಿ ಬಾರ್ಲಿ, ಜೌಗು ನೆಲದಲ್ಲಿ ಪೀಟ್, ಮಾಕ್ರಿಹಾನಿಶ್ ಕಡೆಯ ಗಣಿಯಲ್ಲಿ ಕಲ್ಲಿದ್ದಲು, ಮನೆ ಬಾಗಿಲಿಗೆ ಬಂದರು. ಪೀಪಾಯಿಗಳು ಹಡಗಿನಲ್ಲಿ ಗ್ಲಾಸ್ಗೋಗೆ, ಅಲ್ಲಿಂದ ಅಮೆರಿಕಕ್ಕೆ ಹೋಗುತ್ತಿದ್ದವು.

ಅಮೆರಿಕ 1920ರಲ್ಲಿ ಪಾನನಿಷೇಧ ತಂದಿತು. ಅದೊಂದೇ ಕಾರಣವಲ್ಲ. ಬೇಡಿಕೆ ಇದ್ದ ಕಾಲದಲ್ಲಿ ಇಲ್ಲಿನ ಹಲವರು ಗುಣಮಟ್ಟ ಬಿಟ್ಟು ಬರೀ ಪ್ರಮಾಣದ ಹಿಂದೆ ಬಿದ್ದಿದ್ದರು. ಹಲವು ಡಿಸ್ಟಿಲರಿಗಳ ವಿಸ್ಕಿ ಬೆರೆಸಿ ಮಾರುವ ಮಿಶ್ರಣಕಾರರು ಈಶಾನ್ಯ ಸ್ಕಾಟ್ಲೆಂಡಿನ ಮೆಲುವಾದ ಸ್ಪೇಸೈಡ್ ವಿಸ್ಕಿಯತ್ತ ಹೊರಳಿದ್ದರು. ಒಂದೊಂದಾಗಿ ಭಟ್ಟಿಗಳು ಆರಿದವು. 1930ರ ದಶಕದ ಮಧ್ಯದ ಹೊತ್ತಿಗೆ ಉಳಿದದ್ದು ಎರಡೇ: ಸ್ಪ್ರಿಂಗ್‌ಬ್ಯಾಂಕ್ ಮತ್ತು ಗ್ಲೆನ್ ಸ್ಕೋಷಿಯಾ.

ಗ್ಲೆನ್‌ಗೈಲ್ ಆರಿದ್ದು 1925ರಲ್ಲಿ. ಅದನ್ನು 1872ರಲ್ಲಿ ಕಟ್ಟಿದವನು ವಿಲಿಯಂ ಮಿಚೆಲ್. ಸ್ಪ್ರಿಂಗ್‌ಬ್ಯಾಂಕನ್ನು ಅಣ್ಣತಮ್ಮಂದಿರು ಕೂಡಿ ನಡೆಸುತ್ತಿದ್ದಾಗ ಜಗಳವಾಗಿ ವಿಲಿಯಂ ಹೊರಬಂದನಂತೆ. ಜಗಳ ಕುರಿಗಳ ವಿಷಯಕ್ಕೆ ಎಂದು ಊರವರು ಈಗಲೂ ಹೇಳುತ್ತಾರೆ. ಪಾಲು ಮುರಿದುಕೊಂಡು ಹೋದವನು ದೂರ ಹೋಗಲಿಲ್ಲ, ಗೋಡೆಯಾಚೆಗೇ ತನ್ನ ಭಟ್ಟಿ ಹೂಡಿದ. ಅದು ಮುಚ್ಚಿದ ಮೇಲೆ ಆ ಕಟ್ಟಡ ಬಂದೂಕು ಗುರಿ ಅಭ್ಯಾಸದ ಕ್ಲಬ್ಬಾಯಿತು, ಬೇಸಾಯದ ಸಾಮಗ್ರಿಯ ಮಳಿಗೆಯಾಯಿತು. ಒಳಗಿದ್ದ ಹಂಡೆ, ತೊಟ್ಟಿ ಒಂದೂ ಉಳಿಯಲಿಲ್ಲ.

2000ದ ನವೆಂಬರ್‌ನಲ್ಲಿ ಅದನ್ನು ಕೊಂಡವರು ಸ್ಪ್ರಿಂಗ್‌ಬ್ಯಾಂಕ್‌ನ ಒಡೆಯ ಹೆಡ್ಲಿ ರೈಟ್. ವಿಲಿಯಂ ಮಿಚೆಲ್‌ನ ಅಣ್ಣತಮ್ಮಂದಿರ ಪೀಳಿಗೆಯವರೇ. ಕೊಳ್ಳುವುದಕ್ಕೆ ಒಂದು ತುರ್ತು ಇತ್ತು. ಎರಡೇ ಡಿಸ್ಟಿಲರಿ ಉಳಿದ ಕ್ಯಾಂಪ್‌ಬೆಲ್‌ಟೌನ್ ಅನ್ನು ಸ್ಕಾಚ್‌ನ ಪ್ರತ್ಯೇಕ ಪ್ರದೇಶ ಎಂದು ಇನ್ನು ಎಣಿಸಬೇಕಾಗಿಲ್ಲ ಎಂಬ ಮಾತು ಉದ್ಯಮದಲ್ಲಿ ಎದ್ದಿತ್ತು. ದಕ್ಷಿಣ ಸ್ಕಾಟ್ಲೆಂಡಿನ ಲೋಲ್ಯಾಂಡ್ಸ್ ಪ್ರದೇಶದಲ್ಲಿ ಮೂರಿದ್ದವು, ಅದಕ್ಕೆ ಮಾನ್ಯತೆ ಇತ್ತು. ಹಾಗಾದರೆ ನಾವೂ ಮೂರನೆಯದನ್ನು ತೆರೆಯುತ್ತೇವೆ ಎಂದರು ಇವರು. 2009ರ ಸ್ಕಾಚ್ ವಿಸ್ಕಿ ನಿಯಮಾವಳಿಯಲ್ಲಿ ಕ್ಯಾಂಪ್‌ಬೆಲ್‌ಟೌನ್ ಹೆಸರು ಗಟ್ಟಿಯಾಗಿ ನಿಂತಿದೆ. ಊರಿನ ಹೆಸರು ಉಳಿಸಲು ಒಂದು ಡಿಸ್ಟಿಲರಿಯನ್ನೇ ಎಬ್ಬಿಸಿದ ಈ ಛಲ ನನಗೆ ಬಹಳ ದೊಡ್ಡದಾಗಿ ಕಂಡಿತು. ರೈಟ್ 2023ರಲ್ಲಿ ತೀರಿಕೊಂಡರು.

ಬೆಳಿಗ್ಗೆ ಮೊದಲು ನಮ್ಮನ್ನು ಕರೆದೊಯ್ದದ್ದು ಸ್ಪ್ರಿಂಗ್‌ಬ್ಯಾಂಕ್‌ನ ಮಾಲ್ಟ್ ಅಂಗಳಕ್ಕೆ. ಗ್ಲೆನ್‌ಗೈಲ್‌ಗೆ ಮಾಲ್ಟ್ ಹೋಗುವುದೂ ಇಲ್ಲಿಂದಲೇ. ತಗ್ಗು ಚಾವಣಿಯ ಉದ್ದನೆಯ ಕೋಣೆ, ನೆಲದ ತುಂಬ ಹರಡಿದ ಬಾರ್ಲಿ, ತೇವದ ವಾಸನೆ. ನಮ್ಮಲ್ಲಿ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ ಮಗುವಿಗೆ ಹಿಟ್ಟು ಮಾಡುತ್ತೇವಲ್ಲ, ಕೆಲಸ ಅದೇ. ಇಲ್ಲಿ ಬಟ್ಟೆಯ ಬದಲು ಇಡೀ ಅಂಗಳ. ಮೊಳಕೆ ಒಡೆದ ಕಾಳು ತನ್ನ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ. ಹಾಗೆಯೇ ಬಿಟ್ಟರೆ ಬೇರುಗಳು ಹೆಣೆದುಕೊಂಡು ಗಡ್ಡೆಕಟ್ಟುತ್ತವೆ, ಶಾಖ ಏರುತ್ತದೆ. ಅದಕ್ಕೇ ಹಗಲೂ ರಾತ್ರಿ ಕೆಲವು ಗಂಟೆಗೊಮ್ಮೆ ಮರದ ಸಲಿಕೆಯಿಂದ ಮಗುಚುತ್ತಿರಬೇಕು. ಸ್ಕಾಟ್ಲೆಂಡಿನ ಬಹುಪಾಲು ಡಿಸ್ಟಿಲರಿಗಳು ಈ ಕೆಲಸ ಬಿಟ್ಟು ಕಾರ್ಖಾನೆಯ ಮಾಲ್ಟ್ ಕೊಳ್ಳುತ್ತವೆ. ಸ್ಪ್ರಿಂಗ್‌ಬ್ಯಾಂಕ್ ತನಗೆ ಬೇಕಾದಷ್ಟನ್ನೂ ಇಲ್ಲಿಯೇ ಮಾಡಿಕೊಳ್ಳುತ್ತದೆ.

ಅಲ್ಲಿ ಮಗುಚುತ್ತಿದ್ದ ನಡುವಯಸ್ಸಿನ ಕೆಲಸಗಾರ ಬಗ್ಗಿ ಒಂದು ಕಾಳು ಎತ್ತಿಕೊಂಡ. ಹೆಬ್ಬೆರಳಿನ ಉಗುರಿನಿಂದ ಸಿಪ್ಪೆ ಸೀಳಿ, ಒಳಗಿನ ತಿರುಳನ್ನು ಗೋಡೆಯ ಮೇಲೆ ಒತ್ತಿ ಎಳೆದ. ಸೀಮೆಸುಣ್ಣದಿಂದ ಬರೆದಂತೆ ಬಿಳಿಯ ಗೆರೆ ಮೂಡಿತು. ಹೀಗೆ ಗೆರೆ ಬಿದ್ದರೆ ಕಾಳು ತಯಾರು. ತಿರುಳು ಇನ್ನೂ ಗಟ್ಟಿಯಾಗಿದ್ದು ಮಧ್ಯದಲ್ಲಿ ತುಂಡಾದರೆ ಇನ್ನೊಂದು ದಿನ ಕಾಯಬೇಕು. ಆ ಗೋಡೆಯ ಮೇಲೆ, ಮೊಣಕೈ ಎತ್ತರದಲ್ಲಿ, ಅಂಥ ಮಾಸಿದ ಗೆರೆಗಳು ಎಷ್ಟೋ ಇದ್ದವು. ನನ್ನ ಕೈಗೂ ಒಂದು ಕಾಳು ಕೊಟ್ಟ. ನಾನು ಎಳೆದ ಗೆರೆಯೂ ಬಿಳಿಯಾಗಿಯೇ ಬಂತು.

ಭಾವ ಪಕ್ಕದಲ್ಲಿ ನಿಂತು ಕನ್ನಡದಲ್ಲಿ ಹೇಳಿದರು: “ನೋಡು, ಇಷ್ಟೆಲ್ಲ ಯಂತ್ರ ಬಂದ ಮೇಲೂ ಕೊನೆಯ ಮಾತು ಇವನ ಉಗುರಿನದು.”

ಮೊಳಕೆ ಸಾಕೆನ್ನುವಾಗ ಕಾಳನ್ನು ಕಿಲ್ನ್ ಎನ್ನುವ ಒಣಗೂಡಿಗೆ ಸಾಗಿಸುತ್ತಾರೆ. ಹೊಗೆ ಬರುವುದು ಈ ಹಂತದಲ್ಲಿ ಮಾತ್ರ. ವಿಸ್ಕಿಗೆ ಹೊಗೆಯ ರುಚಿ ಪೀಪಾಯಿಯಿಂದ ಬರುತ್ತದೆಂದು ನಂಬಿದವರು ಬಹಳ ಮಂದಿ ಇದ್ದಾರೆ. ಅದು ಬರುವುದು ಪೀಟ್‌ನಿಂದ. ಜೌಗು ನೆಲದಲ್ಲಿ ಪಾಚಿ, ಹೀದರ್ ಎಂಬ ಕುರುಚಲು ಗಿಡ, ಹುಲ್ಲು ಕೊಳೆಯದೆ ಸಾವಿರಾರು ವರ್ಷ ಒತ್ತಿಕೊಂಡು ಕೂತು ಆದ ಕಪ್ಪು ಮಣ್ಣು ಅದು. ಇಟ್ಟಿಗೆಯಾಕಾರಕ್ಕೆ ಕಡಿದು, ಬಿಸಿಲುಗಾಳಿಗೆ ಒಣಗಿಸಿ ಉರಿಸಿದರೆ ಉರಿಗಿಂತ ಹೊಗೆಯೇ ಹೆಚ್ಚು. ಒದ್ದೆ ಕಾಳಿನ ಸಿಪ್ಪೆಗೆ ಆ ಹೊಗೆಯ ವಾಸನೆ ಕೊಡುವ ಫಿನಾಲ್ ಎಂಬ ರಾಸಾಯನಿಕಗಳು ಅಂಟುತ್ತವೆ. ಒಣಗಿದ ಕಾಳಿಗೆ ಅಷ್ಟಾಗಿ ಅಂಟುವುದಿಲ್ಲ. ಹಾಗಾಗಿ ಮೊದಲ ಗಂಟೆಗಳೇ ಮುಖ್ಯ. ಸ್ಪ್ರಿಂಗ್‌ಬ್ಯಾಂಕ್ ಹೆಸರಿನ ವಿಸ್ಕಿಗೆ ಸುಮಾರು 6 ಗಂಟೆ ಪೀಟ್ ಹೊಗೆ, ಆಮೇಲೆ ಬಿಸಿಗಾಳಿ. ಅದೇ ಡಿಸ್ಟಿಲರಿಯ ಲಾಂಗ್ರೋಗೆ 48 ಗಂಟೆಯವರೆಗೂ ಹೊಗೆ. ಹೇಜಲ್‌ಬರ್ನ್‌ಗೆ ಬಿಸಿಗಾಳಿ ಮಾತ್ರ. ಒಂದೇ ಅಂಗಳದ ಕಾಳು ಮೂರು ಬಗೆಯಾಗುವುದು ಈ ಗೂಡಿನೊಳಗೆ.

ಗೂಡಿನ ಬಾಗಿಲು ತೆರೆದಾಗ ನಾವು ಒಂದು ಹೆಜ್ಜೆ ಒಳಗಿಟ್ಟೆವು. ಕಣ್ಣು ಉರಿಯಲಿಲ್ಲ. ನೆಲದ ತಂತಿಬಲೆಯ ಮೇಲೆ ಕಾಳು ಹರಡಿತ್ತು, ಕೆಳಗಿನಿಂದ ತೆಳ್ಳನೆಯ ನೀಲಿ ಹೊಗೆ ಏರುತ್ತಿತ್ತು. ಸಿಹಿ, ಮಣ್ಣು, ಸ್ವಲ್ಪ ಔಷಧಿಯ ಘಾಟು. ಹೊರಬಂದ ಮೇಲೆ ರಾತ್ರಿಯವರೆಗೂ ನನ್ನ ಉಣ್ಣೆಯ ಅಂಗಿಯಲ್ಲಿ ಅದು ಉಳಿದಿತ್ತು.

ಅಲ್ಲಿಂದ ಗ್ಲೆನ್‌ಗೈಲ್‌ಗೆ ನಡೆದುಕೊಂಡು ಹೋಗಲು ಎರಡು ನಿಮಿಷ ಸಾಕು. ಅಂದು ಭಟ್ಟಿ ಹಚ್ಚಿರಲಿಲ್ಲ. ಇಲ್ಲಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಇಳಿಸುತ್ತಾರೆ, ಸ್ಪ್ರಿಂಗ್‌ಬ್ಯಾಂಕ್‌ನವರೇ ಬಂದು ನಡೆಸುತ್ತಾರೆ. ಮಾಲ್ಟ್ ಮಾಡುವಾಗ ಮಾಲ್ಟ್, ಇಳಿಸುವಾಗ ಇಳಿಸುವುದು. ಭಟ್ಟಿ ತಣ್ಣಗಿದ್ದದ್ದು ಒಳ್ಳೆಯದೇ ಆಯಿತು; ಅವಸರವಿಲ್ಲದೆ ಎಲ್ಲವನ್ನೂ ಮುಟ್ಟಿ ನೋಡಿದೆವು.

ಒಳಗಿರುವುದರಲ್ಲಿ ಬಹಳಷ್ಟು ಬೇರೆ ಕಡೆಯಿಂದ ಬಂದದ್ದು. ಕಾಳು ಒಡೆಯುವ ಬೋಬಿ ಗಿರಣಿ ಕ್ರೇಗೆಲಾಕಿ ಡಿಸ್ಟಿಲರಿಯದು. ಎರಡು ತಾಮ್ರದ ಹಂಡೆಗಳು ಇನ್ವರ್‌ಗಾರ್ಡನ್‌ನ ಬೆನ್ ವಿವಿಸ್ ಡಿಸ್ಟಿಲರಿಯವು. ಆ ಡಿಸ್ಟಿಲರಿ 1977ರಲ್ಲಿ ಮುಚ್ಚಿತ್ತು. ಆ ಹಂಡೆಗಳ ಆಕಾರ ಹಾಗೆಯೇ ಇಟ್ಟರೆ ಬೇಕಾದ ರುಚಿ ಬರುವುದಿಲ್ಲವೆಂದು ಭುಜದ ಭಾಗವನ್ನು ದುಂಡಗೆ ತಿದ್ದಿದರು. ಮೇಲಿನ ತಾಮ್ರದ ಕೊಳವೆಯನ್ನು ಮೇಲ್ಮುಖವಾಗಿ ಓರೆಯಾಗಿಸಿದರು. ಹಾಗೆ ಓರೆಯಾದರೆ ಭಾರವಾದ ಆವಿ ಮತ್ತೆ ಹಂಡೆಗೇ ಇಳಿಯುತ್ತದೆ. ಮೇಲೆ ದಾಟಿ ಬರುವುದು ಹಗುರ, ಹಣ್ಣಿನ ಪರಿಮಳದ್ದು. ಈ ಕೆಲಸದ ಉಸ್ತುವಾರಿ ಸ್ಪ್ರಿಂಗ್‌ಬ್ಯಾಂಕ್‌ನ ಫ್ರಾಂಕ್ ಮೆಕ್‌ಹಾರ್ಡಿ ಅವರದಾಗಿತ್ತು. 2004ರ ಮಾರ್ಚ್‌ನಲ್ಲಿ ಮೊದಲ ಹನಿ ಇಳಿಯಿತು. ಈ ಊರಿನಲ್ಲಿ ಒಂದು ಹೊಸ ಡಿಸ್ಟಿಲರಿ ತೆರೆದು ಆಗಲೇ ನೂರಿಪ್ಪತ್ತು ವರ್ಷಗಳ ಮೇಲಾಗಿತ್ತು.

ಬಾಟಲಿಯ ಮೇಲೆ ಗ್ಲೆನ್‌ಗೈಲ್ ಎಂದು ಬರೆಯದಿರುವುದಕ್ಕೆ ಕಾರಣ, ಆ ಹೆಸರು ಅಷ್ಟರಲ್ಲಿ ಬೇರೊಂದು ಮಿಶ್ರ ಮಾಲ್ಟ್‌ಗೆ ಸೇರಿಹೋಗಿತ್ತು. ಹಾಗಾಗಿ ಡಿಸ್ಟಿಲರಿ ಗ್ಲೆನ್‌ಗೈಲ್, ವಿಸ್ಕಿ ಕಿಲ್ಕೆರನ್.

ಹುಳಿ ಬರಿಸುವ ತೊಟ್ಟಿಗಳು ನಾಲ್ಕು, ಲಾರ್ಚ್ ಮರದವು. ಖಾಲಿ ತೊಟ್ಟಿಯೊಂದರ ಮುಚ್ಚಳ ಎತ್ತಿ ತಲೆ ಒಳಗೆ ಹಾಕಿದೆ. ಹುಳಿ ಹಿಟ್ಟಿನ ವಾಸನೆ ಮರಕ್ಕೆ ಇಳಿದುಬಿಟ್ಟಿದೆ. ಉಕ್ಕಿನ ತೊಟ್ಟಿ ತೊಳೆಯಲು ಸುಲಭ. ಮರದ ತೊಟ್ಟಿಯ ಸಂದುಗಳಲ್ಲಿ ಉಳಿಯುವ ಜೀವಾಣುಗಳಿಂದ ಬರುವ ಗುಣವನ್ನು ಇವರು ಬಿಡಲೊಲ್ಲರು.

ಹಂಡೆಗಳ ಮುಂದೆ ನಿಂತಾಗ ನಮ್ಮ ಜೊತೆಗಿದ್ದ ಮಾರ್ಗದರ್ಶಿ ಯುವತಿಯನ್ನು ಕೇಳಿದೆ: ಹೊಗೆ ಹೆಚ್ಚಿರುವ ವಿಸ್ಕಿಯನ್ನು ಇಷ್ಟು ಎಳೆಯದಾಗಿಯೇ ಬಾಟಲಿಗೆ ತುಂಬುವುದೇಕೆ? ಅವರು ಹೇಳಿದ್ದರಿಂದ ನನಗೆ ಎಷ್ಟೋ ಸ್ಪಷ್ಟವಾಯಿತು. ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಎಂದು ಎಲ್ಲರೂ ಹೇಳುವ ಹೊಗೆಯ ಅಳತೆ ಮಾಲ್ಟ್‌ನದು, ವಿಸ್ಕಿಯದಲ್ಲ. ಭಟ್ಟಿಯಲ್ಲಿ ಅದರ ದೊಡ್ಡ ಪಾಲು ಕಳೆದುಹೋಗುತ್ತದೆ. ಫಿನಾಲ್‌ಗಳು ಇಳಿಯುವುದು ಕೊನೆಕೊನೆಗೆ, ಆದ್ದರಿಂದ ಎಲ್ಲಿ ಕತ್ತರಿಸಿ ‘ಇನ್ನು ಸಾಕು’ ಎನ್ನುತ್ತಾರೋ ಅದರ ಮೇಲೆ ಹೊಗೆಯ ಪ್ರಮಾಣ ನಿಲ್ಲುತ್ತದೆ. ಪೀಪಾಯಿಗೆ ಹೋದ ಮೇಲೂ ವರ್ಷ ವರ್ಷಕ್ಕೆ ಹೊಗೆ ಕುಂದುತ್ತ ಹೋಗುತ್ತದೆ, ಮರದ ಸಿಹಿ ಮೇಲೇಳುತ್ತದೆ. ಇಪ್ಪತ್ತೈದು ವರ್ಷದ ಪೀಟೆಡ್ ವಿಸ್ಕಿ ಸೊಗಸಾಗಿರಬಹುದು, ಆದರೆ ಹೊಗೆ ಅಲ್ಲಿ ನೆನಪಿನಷ್ಟು. ಹೊಗೆಯನ್ನೇ ಕೇಳುವವನಿಗೆ ಹೊಗೆ ಪೂರ್ತಿಯಾಗಿ ಸಿಗುವುದು ಎಳೆಯ ವಯಸ್ಸಿನಲ್ಲಿಯೇ.

ಇದಿಷ್ಟೇ ಆಗಿದ್ದರೆ ಯಾರು ಬೇಕಾದರೂ ಮೂರು ವರ್ಷಕ್ಕೆ ತುಂಬಿ ಮಾರಬಹುದಿತ್ತು. ಓಕ್ ಪೀಪಾಯಿಯಲ್ಲಿ 3 ವರ್ಷ ಕಳೆಯದೆ ಸ್ಕಾಚ್ ಎನ್ನುವಂತಿಲ್ಲ; ಕಳೆದ ಮರುದಿನವೇ ಮಾರುವವರೂ ಇದ್ದಾರೆ. ಕತ್ತರಿಸುವ ಕೈ ಒರಟಾಗಿದ್ದರೆ ಎಳೆಯ ವಿಸ್ಕಿ ಬರೀ ನಾಲಿಗೆ ಸುಡುತ್ತದೆ, ಹಸಿ ಹಿಟ್ಟಿನಂತಿರುತ್ತದೆ. ಅದನ್ನು ಮುಚ್ಚಲು ಹೊಗೆಯನ್ನು ಬಳಸಿಕೊಳ್ಳುವುದೂ ಉಂಟು. ಗ್ಲೆನ್‌ಗೈಲ್‌ನವರು ಹಾಗೆ ಮಾಡಲಿಲ್ಲ. 2009ರಿಂದ 2015ರವರೆಗೆ ಪ್ರತಿ ವರ್ಷ ‘ವರ್ಕ್ ಇನ್ ಪ್ರೋಗ್ರೆಸ್’ ಎಂಬ ಹೆಸರಿನಲ್ಲಿಯೇ ವಿಸ್ಕಿ ತಂದರು. ಕೆಲಸ ಇನ್ನೂ ನಡೆಯುತ್ತಿದೆ, ಈ ವರ್ಷ ಇಷ್ಟಾಗಿದೆ, ನೀವೇ ನೋಡಿ ಎಂಬ ನೇರ ಮಾತು. 2016ರಲ್ಲಿ 12 ವರ್ಷದ್ದು ಬಂತು. 2019ರಲ್ಲಿ ‘ಪೀಟ್ ಇನ್ ಪ್ರೋಗ್ರೆಸ್’ ಎಂದು ಹೊಗೆ ಹೆಚ್ಚಿದ ಸರಣಿ ಶುರುವಾಯಿತು, ತಂಡ ತಂಡವಾಗಿ, ನೀರು ಬೆರೆಸದೆ. ಎಳೆತನವನ್ನು ಅಚ್ಚುಕಟ್ಟಾಗಿ ಹೆಸರಿನಲ್ಲಿಯೇ ಹೇಳಿದ ಈ ನಡವಳಿಕೆ ನನಗೆ ಬಲು ಇಷ್ಟ. ಎಷ್ಟೋ ದೊಡ್ಡ ಸಂಸ್ಥೆಗಳು ವಯಸ್ಸನ್ನು ಮುಚ್ಚಲು ಕಡಲು, ಬಿರುಗಾಳಿ, ರಾಜರಾಣಿಯರ ಹೆಸರಿಡುತ್ತವೆ.

ಬುಧವಾರ

ಬೆಳಿಗ್ಗೆ ಸಮುದ್ರ ಇಳಿದಿತ್ತು. ಬಂದರಿನ ಬಾಯಲ್ಲಿ ಡವಾರ್ ದ್ವೀಪವಿದೆ. ಇಳಿತದ ಹೊತ್ತಿನಲ್ಲಿ ಮಾತ್ರ ಬೆಣಚುಕಲ್ಲಿನ ದಿಬ್ಬದ ಮೇಲೆ ನಡೆದು ಹೋಗಬಹುದು. ದ್ವೀಪದ ಆಚೆ ಬದಿಯ ಗವಿಯೊಂದರಲ್ಲಿ ಶಿಲುಬೆಗೇರಿದ ಏಸುವಿನ ಆಳೆತ್ತರದ ಚಿತ್ರವಿದೆ. 1887ರಲ್ಲಿ ಆರ್ಚಿಬಾಲ್ಡ್ ಮೆಕಿನನ್ ಎಂಬ ಈ ಊರಿನ ಚಿತ್ರಕಾರ ಯಾರಿಗೂ ಹೇಳದೆ ಬರೆದದ್ದು. ಕಲ್ಲು ಜಾರುತ್ತಿತ್ತು, ಗಾಳಿ ಬಲವಾಗಿತ್ತು. ಚಿತ್ರ ನೋಡಿ, ಉಬ್ಬರ ತಿರುಗುವ ಮುಂಚೆಯೇ ಹಿಂತಿರುಗಿದೆವು.

ಮಧ್ಯಾಹ್ನ ರುಚಿ ನೋಡುವ ಸರದಿ. ಕೆಡನ್‌ಹೆಡ್ ಎಂಬ ವಿಸ್ಕಿ ಅಂಗಡಿಯ ಹಿಂದಿನ ದಾಸ್ತಾನು ಕೋಣೆ; ಮಣ್ಣಿನ ನೆಲ, ಸಾಲಾಗಿ ಪೀಪಾಯಿಗಳು, ತಣ್ಣನೆಯ ಒದ್ದೆ ಗಾಳಿ. ಮುಂದೆ ಮೂರು ಲೋಟ ಇಟ್ಟರು: ಕಿಲ್ಕೆರನ್ 12, ನೀರು ಬೆರೆಸದೆ ಪೀಪಾಯಿಯ ಬಲದಲ್ಲಿಯೇ ತುಂಬಿದ ಕಿಲ್ಕೆರನ್ 8, ಹೆವಿಲಿ ಪೀಟೆಡ್.

ಹನ್ನೆರಡರದ್ದರಲ್ಲಿ ಮದ್ಯಸಾರ 46 ಪ್ರತಿಶತ. ನಿಂಬೆ ಸಿಪ್ಪೆ, ಬೆಣ್ಣೆ ಬಿಸ್ಕತ್ತು, ಕೊನೆಯಲ್ಲಿ ಉಪ್ಪಿನ ಒಂದು ಎಳೆ. ಹೊಗೆ ಬಹಳ ಹಿಂದೆ ನಿಂತಿರುತ್ತದೆ. ಊರಿನ ಹಳೆಯ ಗುಣ ಎಂದರೆ ಇದು ಎನ್ನುತ್ತಾರೆ, ಎಣ್ಣೆಯ ಜಿಡ್ಡಿನಂಥ ಮೈ. ಎಂಟರದ್ದು ಜೋರು, ಶೆರಿ ಎಂಬ ವೈನಿನ ಪೀಪಾಯಿಯ ಒಣದ್ರಾಕ್ಷಿಯ ಗಾಢತೆ. ಚೆನ್ನಾಗಿದೆ, ಆದರೆ ಪೀಪಾಯಿ ಮಾತಾಡಿದಷ್ಟು ವಿಸ್ಕಿ ಮಾತಾಡುವುದಿಲ್ಲ ಎನಿಸಿತು.

ಮೂರನೆಯದರ ಬಲ 60ರ ಹತ್ತಿರ. ಬಣ್ಣ ಒಣ ಹುಲ್ಲಿನದು, ಬಹಳ ತೆಳು. ಬೇರೆ ಬಣ್ಣ ಸೇರಿಸುವುದಿಲ್ಲ, ತಣ್ಣಗೆ ಮಾಡಿ ಸೋಸುವುದಿಲ್ಲ. ಮೂಗಿಗೆ ಮೊದಲು ಬಂದದ್ದು ಹಿಂದಿನ ದಿನ ಗೂಡಿನೊಳಗೆ ಸಿಕ್ಕಿದ ಅದೇ ವಾಸನೆ, ಸ್ವಲ್ಪವೂ ಬದಲಾಗದೆ. ನೀರಿಲ್ಲದೆ ಒಂದು ಹನಿ ನಾಲಿಗೆಗಿಟ್ಟೆ: ಮೆಣಸು, ಬೂದಿ, ಹಿಂದೆಯೇ ಮಾಗಿದ ಪೇರಳೆಯ ಸಿಹಿ. ಆಮೇಲೆ ಚಮಚೆಯಿಂದ ನೀರು ಬಿಟ್ಟೆ. ನೀರು ಕೆಳಗಿಳಿಯುವಾಗ ಎಣ್ಣೆಯ ಎಳೆಗಳು ಸುರುಳಿ ಸುರುಳಿಯಾಗಿ ಬಿಚ್ಚಿಕೊಂಡವು. ಇನ್ನೂ ಒಂದು ಚಮಚೆ, ದ್ರವ ಮಂಕಾಯಿತು. ಸೋಸಿ ತೆಗೆಯದ ಕೊಬ್ಬಿನಾಮ್ಲಗಳು ಬಲ ಇಳಿದಾಗ ಹೀಗೆ ಮಬ್ಬು ಕಟ್ಟುತ್ತವೆ. ಅಂಗಡಿಯಲ್ಲಿ ಮಿಂಚಲೆಂದು ಅವನ್ನು ಸೋಸಿಬಿಟ್ಟರೆ ಬಾಯಲ್ಲಿನ ಜಿಡ್ಡೂ ಹೋಗುತ್ತದೆ. ಈಗ ಸಿಟ್ರಸ್ ಮೇಲೆದ್ದಿತು, ಮೊಳಕೆ ಕಾಳಿನ ಹಸಿ ಸಿಹಿ ಸ್ಪಷ್ಟವಾಯಿತು. ಹೊಗೆ ಎಲ್ಲಿಯೂ ಕದಲಲಿಲ್ಲ.

ಬಾರ್ಲಿ, ಪೀಟ್, ತಾಮ್ರ: ಮಂಗಳವಾರ ಕಂಡ ಅಷ್ಟೂ ಈ ಲೋಟದಲ್ಲಿತ್ತು. ಹೆಚ್ಚು ವರ್ಷ ಪೀಪಾಯಿಯಲ್ಲಿದ್ದಿದ್ದರೆ ಓಕ್ ಇವುಗಳ ಮೇಲೆ ತನ್ನ ಹೊದಿಕೆ ಹಾಸುತ್ತಿತ್ತು. ಮನೆಯಲ್ಲಿ ಮೊದಲ ಸಲ ಕುಡಿದಾಗ ನನಗೆ ಹಿಡಿಸಿದ್ದು ಏನೆಂದು ಈಗ ಹೇಳಬಲ್ಲೆ. ಆ ಅಂಗಳದ ಕೆಲಸ, ಗೋಡೆಯ ಮೇಲೆ ಗೆರೆ ಎಳೆದವನ ಕೆಲಸ, ಎಳೆಯ ವಿಸ್ಕಿಯಲ್ಲಿ ಎದುರಿಗೇ ಇರುತ್ತದೆ.

ಭಾವನಿಗೆ ಹನ್ನೆರಡೇ ಮೇಲು. “ನಿನ್ನದು ಗಲಾಟೆ ಮಾಡುತ್ತದೆ. ನನಗೆ ಈ ವಯಸ್ಸಿನಲ್ಲಿ ಸಮಾಧಾನ ಬೇಕು” ಎಂದರು. “ಭಾವ, ನೀವು ಇನ್ನೊಂದು ಚಮಚೆ ನೀರು ಹಾಕಿ ನೋಡಿ” ಎಂದೆ. ಹಾಕಿದರು, ಬಹಳ ಹೊತ್ತು ಮೂಗಿನ ಬಳಿ ಹಿಡಿದರು. ಅಭಿಪ್ರಾಯ ಬದಲಿಸಲಿಲ್ಲ, ಲೋಟ ಮಾತ್ರ ಖಾಲಿ ಮಾಡಿದರು.

ಅಂಗಡಿಯಲ್ಲಿ ಹೆವಿಲಿ ಪೀಟೆಡ್ ಎರಡು ಬಾಟಲಿ ಕೊಂಡೆವು. ಸ್ಪ್ರಿಂಗ್‌ಬ್ಯಾಂಕ್‌ನ ಕಪಾಟು ಬರಿದಾಗಿತ್ತು. ಅದನ್ನು ಕೊಂಡು ಮಾರಿ ಲಾಭ ಮಾಡುವವರು ಹೆಚ್ಚಿರುವುದರಿಂದ ಕುಡಿಯುವವರಿಗೆ ಸಿಗದಾಗಿದೆ. ಕಿಲ್ಕೆರನ್‌ಗೆ ಆ ಗತಿ ಬಾರದಿರಲಿ.

ಗುರುವಾರ

ಬೆಳಗಿನ ಬಸ್ಸಿಗೆ ಹೊರಟು ಮಧ್ಯಾಹ್ನದ ಹೊತ್ತಿಗೆ ಗ್ಲಾಸ್ಗೋ ತಲುಪಿದೆವು. ದಾರಿಯುದ್ದಕ್ಕೂ ಮಳೆ.

ರಾತ್ರಿ ಊಟಕ್ಕೆ ಅಕ್ಕ ಬಿಸಿಬೇಳೆಬಾತ್ ಮಾಡಿದ್ದಳು. ಊಟಕ್ಕೆ ಮೊದಲು ಭಾವ ಕಪಾಟಿನಿಂದ ಇನ್ನೊಂದು ಬಾಟಲಿ ತೆಗೆದರು: ಅಮೃತ್ ಪೀಟೆಡ್. ಮೈಸೂರು ರಸ್ತೆಯ ಕಂಬೀಪುರದಲ್ಲಿ ತಯಾರಾದದ್ದು. ಗ್ಲೆನ್‌ಗೈಲ್‌ನಲ್ಲಿ ಮೊದಲ ಹನಿ ಇಳಿದ 2004ರಲ್ಲಿಯೇ, ಆಗಸ್ಟ್ 24ರಂದು, ಬೆಂಗಳೂರಿನ ಅಮೃತ್ ತನ್ನ ಸಿಂಗಲ್ ಮಾಲ್ಟ್ ಅನ್ನು ಮೊದಲು ಬಿಡುಗಡೆ ಮಾಡಿದ್ದು ಇದೇ ಗ್ಲಾಸ್ಗೋದಲ್ಲಿ. ಸ್ಕಾಟ್ಲೆಂಡಿನವರ ಮುಂದೆಯೇ ಇಟ್ಟು ಒಪ್ಪಿಸಿದ ಆ ಧೈರ್ಯ ನೆನೆದರೆ ನನಗೆ ಈಗಲೂ ಹೆಮ್ಮೆ. ಈ ಪೀಟೆಡ್‌ಗೆ ಬಳಸುವುದು ಸ್ಕಾಟ್ಲೆಂಡಿನಿಂದ ತರಿಸಿದ ಪೀಟ್ ಹೊಗೆಯ ಬಾರ್ಲಿ. ಹೊಗೆಯ ಮೂಲ ಒಂದೇ ನೆಲ, ಮಾಗಿದ್ದು ಬೇರೆ ಬೇರೆ ಗಾಳಿಯಲ್ಲಿ.

ಈ ಗಾಳಿಯ ವ್ಯತ್ಯಾಸ ದೊಡ್ಡದು. ಸ್ಕಾಟ್ಲೆಂಡಿನಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2 ಪ್ರತಿಶತ ಆರಿಹೋದರೆ ಬೆಂಗಳೂರಿನಲ್ಲಿ 10ರಿಂದ 12 ಪ್ರತಿಶತ. ಹಾಗೆಯೇ ಬಿಟ್ಟರೆ ಹನ್ನೆರಡು ವರ್ಷಕ್ಕೆ ಪೀಪಾಯಿಯಲ್ಲಿ ಸುಮಾರು ಕಾಲು ಭಾಗವಷ್ಟೇ ಉಳಿಯುತ್ತದೆ. ಆದರೆ ಆ ಬಿಸಿಲಿನಲ್ಲಿ ಮರದೊಡನೆ ಒಡನಾಟವೂ ಅಷ್ಟೇ ಬಿರುಸು. ನಾಲ್ಕೈದು ವರ್ಷಕ್ಕೆ ವಿಸ್ಕಿ ಮಾಗುತ್ತದೆ. ವಯಸ್ಸಿನ ಅಂಕಿಯಿಂದ ವಿಸ್ಕಿಯನ್ನು ಅಳೆಯಬಾರದೆಂದು ಬೆಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಎರಡನ್ನೂ ಪಕ್ಕಪಕ್ಕ ಸುರಿದೆವು. ಅಮೃತ್ 46 ಪ್ರತಿಶತ. ಕಿಲ್ಕೆರನ್‌ಗೆ ನೀರು ಬೆರೆಸಿ ಆ ಬಲದ ಸಮೀಪಕ್ಕೆ ತಂದೆವು. ಅಮೃತ್‌ನಲ್ಲಿ ವೆನಿಲಾ, ಜೇನು, ಕಿತ್ತಳೆ ಮೊದಲು ಬಂದವು. ಹೊಗೆ ದುಂಡಗೆ, ಒಳಗೆ ಸೇರಿಕೊಂಡಂತಿತ್ತು. ಕಿಲ್ಕೆರನ್‌ನಲ್ಲಿ ಹೊಗೆ ಎದುರಿಗೇ ನಿಂತಿತ್ತು, ಉಪ್ಪು ಮತ್ತು ಬೂದಿಯೊಡನೆ. ಬಣ್ಣದಲ್ಲಂತೂ ಅಮೃತ್ ಎಷ್ಟೋ ಗಾಢ. ವರ್ಷದ ಲೆಕ್ಕದಲ್ಲಿ ಅದು ಕಿರಿಯದೇ ಇರಬಹುದು, ಬಾಯಲ್ಲಿ ಹಿರಿಯದು.

ಅಕ್ಕ ಕುಡಿಯುವುದಿಲ್ಲ. ಅವಳ ಮೂಗು ಮಾತ್ರ ಚುರುಕು. ಎರಡೂ ಲೋಟ ಮೂಸಿ, ಕಿಲ್ಕೆರನ್ ಕಡೆ ತೋರಿಸಿ, “ಇದು ಇನ್ನೂ ಒಲೆಯ ಹತ್ತಿರವೇ ಇದೆ” ಎಂದಳು. ಭಾವ ಅಮೃತ್ ಲೋಟವನ್ನು ತಮ್ಮ ಕಡೆ ಎಳೆದುಕೊಂಡರು. ಕಿಲ್ಕೆರನ್ ನನಗೆ ಉಳಿಯಿತು.

ಕೊಂಡ ಎರಡು ಕಿಲ್ಕೆರನ್ ಬಾಟಲಿಗಳಲ್ಲಿ ತೆರೆಯದೆ ಉಳಿದದ್ದು ನನ್ನ ಜೊತೆ ಬೆಂಗಳೂರಿಗೆ ಬರುತ್ತದೆ. ವಿಮಾನದಲ್ಲಿ ಬರುವವರಿಗೆ ಸುಂಕವಿಲ್ಲದೆ 2 ಲೀಟರ್ ತರಲು ಅನುಮತಿಯಿದೆ. ಕಪಾಟಿನಲ್ಲಿಟ್ಟು ವರ್ಷ ಎಣಿಸುವುದಿಲ್ಲ. ಗಾಜಿನೊಳಗೆ ವಿಸ್ಕಿಗೆ ವಯಸ್ಸಾಗುವುದಿಲ್ಲ. ಬರುವ ವಾರವೇ ಗೆಳೆಯರನ್ನು ಕರೆದು ತೆರೆಯುತ್ತೇನೆ, ಪಕ್ಕದಲ್ಲಿ ಒಂದು ಅಮೃತ್ ಇಟ್ಟು.